ಜನಸಂಖ್ಯಾ ನಿಯಂತ್ರಣದ ಇತಿಹಾಸ: ಭೌತವಿಜ್ಞಾನದ ಅಧ್ಯಾಪಕನೊಬ್ಬನ ಓದು

ಘಾತೀಯ ವೃದ್ಧಿಯ ಪಾಠಕ್ಕೆ ನಾನು ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಒಂದೇ ಉದಾಹರಣೆ ಕೊಡುತ್ತ ಬಂದವನು. ಕರಿಹಲಗೆಯ ಮೇಲೆ 1951ರ ಜನಗಣತಿಯ 36 ಕೋಟಿ, 1981ರ 68 ಕೋಟಿ ಎಂದು ಬರೆಯುತ್ತಿದ್ದೆ. ವರ್ಷಕ್ಕೆ ಶೇಕಡಾ 2.2ರ ದರವೆಂದರೆ 70ನ್ನು 2.2ರಿಂದ ಭಾಗಿಸಿ, ದ್ವಿಗುಣ ಅವಧಿ ಸುಮಾರು 32 ವರ್ಷ ಎಂದು ತೋರಿಸುತ್ತಿದ್ದೆ. ಆಮೇಲೆ ಮೇಲಕ್ಕೆ ಚಿಮ್ಮುವ ವಕ್ರರೇಖೆ, ಅದರ ಪಕ್ಕದಲ್ಲಿ 'ಜನಸಂಖ್ಯಾ ಸ್ಫೋಟ' ಎಂಬ ಎರಡು ಪದ. ವಿದ್ಯಾರ್ಥಿಗಳಿಗೆ ತಟ್ಟನೆ ಅರ್ಥವಾಗುತ್ತಿತ್ತು. ನಾನೇ ಶಾಲೆಯಲ್ಲಿದ್ದಾಗ ಇದೇ ವಿಷಯದ ಮೇಲೆ ಪ್ರಬಂಧ ಬರೆದವನು. ಗೋಡೆಗಳ ಮೇಲೆ ಕೆಂಪು ತ್ರಿಕೋನ, 'ಆರತಿಗೊಬ್ಬಳು ಕೀರ್ತಿಗೊಬ್ಬ' ಎಂಬ ಬರಹ ನೋಡುತ್ತ ಬೆಳೆದವನು. ಹೀಗಾಗಿ ಈ ಉದಾಹರಣೆಯಲ್ಲಿ ಏನಾದರೂ ದೋಷವಿರಬಹುದು ಎಂಬ ಅನುಮಾನವೇ ಬಂದಿರಲಿಲ್ಲ. ಆ ಅನುಮಾನವನ್ನು ಹುಟ್ಟಿಸಿದ್ದು ಒಂದು ಇತಿಹಾಸದ ಪುಸ್ತಕ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಇತಿಹಾಸಕಾರ ಮ್ಯಾಥ್ಯೂ ಕಾನೆಲಿಯವರ 'ಫೇಟಲ್ ಮಿಸ್‌ಕನ್ಸೆಪ್ಷನ್' 2008ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನದಿಂದ ಹೊರಬಂದಿತು. ಶೀರ್ಷಿಕೆಯಲ್ಲಿರುವ ಶ್ಲೇಷೆಯನ್ನು ಕನ್ನಡಕ್ಕೆ ತರಲಾಗದು. ಇಂಗ್ಲಿಷಿನಲ್ಲಿ ಗ್ರಹಿಕೆಗೂ ಗರ್ಭಧಾರಣೆಗೂ ಒಂದೇ ಪದವಿದೆ. 'ಮಾರಕವಾದ ತಪ್ಪು ಗ್ರಹಿಕೆ' ಎಂದರೆ ಅರ್ಧ ಮಾತ್ರ ದಾಟಿ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ, ಲೋಕದ ಜನಸಂಖ್ಯೆಯನ್ನು ಹಿಡಿತಕ್ಕೆ ತರಬೇಕೆಂದು ಹೊರಟ ವಿಜ್ಞಾನಿಗಳು, ವೈದ್ಯರು, ದಾನಿ ಸಂಸ್ಥೆಗಳು, ಸರ್ಕಾರಗಳು ಏನು ಮಾಡಿದುವು ಎಂಬುದೇ ಇದರ ವಸ್ತು. ಭಾರತ ಇದರಲ್ಲಿ ಹಲವು ಅಧ್ಯಾಯಗಳನ್ನು ತುಂಬಿಕೊಂಡಿದೆ. ವಿಜ್ಞಾನ ಕಲಿಸುವವರು ಓದಬೇಕಾದ ಪುಸ್ತಕವಿದು ಎಂದು ನನಗನ್ನಿಸಿದೆ. ಆದರೆ ಇದರ ಎಲ್ಲ ತೀರ್ಮಾನಗಳನ್ನೂ ಒಪ್ಪಲಾರೆ. ಎರಡಕ್ಕೂ ಕಾರಣ ಹೇಳುತ್ತೇನೆ.

ಮೊದಲಿಗೆ ನನ್ನ ವಕ್ರರೇಖೆಯನ್ನೇ ಪರೀಕ್ಷಿಸೋಣ. 1981ರ 68.3 ಕೋಟಿಯಿಂದ ಹೊರಟು ಅದೇ ಶೇಕಡಾ 2.2ರ ದರದಲ್ಲಿ ಸಾಗಿದರೆ 2011ಕ್ಕೆ 131 ಕೋಟಿ ಆಗಬೇಕಿತ್ತು. ಜನಗಣತಿ ಕಂಡದ್ದು 121 ಕೋಟಿ. 2023ಕ್ಕೆ ಲೆಕ್ಕ ಮುಂದುವರಿಸಿದರೆ 170 ಕೋಟಿ. ವಿಶ್ವಸಂಸ್ಥೆಯ ಅಂದಾಜು ಸುಮಾರು 143 ಕೋಟಿ. ದರವನ್ನು ಸ್ಥಿರಾಂಕವೆಂದು ಹಿಡಿದದ್ದೇ ತಪ್ಪು. ವಿಕಿರಣಶೀಲ ಬೀಜವೊಂದರ ಕ್ಷಯ ಸ್ಥಿರಾಂಕ ಆ ಬೀಜದ ಗುಣ. ಬೀಜ ಯೋಚನೆ ಮಾಡುವುದಿಲ್ಲ. ಜನಸಂಖ್ಯೆಯ ಸಮೀಕರಣದಲ್ಲಿ ಅದೇ ಜಾಗದಲ್ಲಿ ಕೂರುವ ಸಂಖ್ಯೆ ಕೋಟ್ಯಂತರ ದಂಪತಿಗಳ ಇಷ್ಟ, ಅನಿವಾರ್ಯತೆ, ಭಯಗಳ ಮೊತ್ತ. ಎರಡಕ್ಕೂ ಒಂದೇ ಬಗೆಯ ಅಕ್ಷರ ಬರೆಯುತ್ತೇವೆ ಎಂಬ ಕಾರಣಕ್ಕೆ ಎರಡೂ ಒಂದೇ ಬಗೆಯ ವಸ್ತುವಾಗುವುದಿಲ್ಲ. ಕಾನೆಲಿ ಗಣಿತದ ಭಾಷೆಯಲ್ಲಿ ಹೀಗೆ ಹೇಳಿಲ್ಲ, ಆದರೆ ಅವರ ಪುಸ್ತಕದ ತಿರುಳು ಇದೇ ಎಂದು ನಾನು ಓದಿಕೊಂಡಿದ್ದೇನೆ: ಬೇರೆಯವರ ಸಂಸಾರವನ್ನು ದೂರದಿಂದ ಯೋಜಿಸಬಹುದು ಎಂದು ಹೊರಟವರು ಮನುಷ್ಯರನ್ನು ಚರಾಂಶವಾಗಿ ಕಂಡರು.

ಈ ದೃಷ್ಟಿ ಎಷ್ಟು ಸಹಜವಾಗಿ ಅಂಕಿಅಂಶಗಳೊಳಗೆ ಸೇರಿಕೊಂಡಿತು ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ. ಸ್ವತಂತ್ರ ಭಾರತದ ಮೊದಲ ಜನಗಣತಿಯ ಮುಖ್ಯಸ್ಥರಾಗಿದ್ದ ಆರ್.ಎ. ಗೋಪಾಲಸ್ವಾಮಿಯವರು 1951ರ ವರದಿಯಲ್ಲಿ ಒಂದು ಹೊಸ ಪರಿಮಾಣವನ್ನು ತಂದರು. ಈಗಾಗಲೇ ಮೂರು ಅಥವಾ ಹೆಚ್ಚು ಮಕ್ಕಳನ್ನು ಹೆತ್ತು, ಅವರಲ್ಲಿ ಒಂದಾದರೂ ಬದುಕಿರುವ ತಾಯಿಗೆ ಮತ್ತೊಂದು ಮಗುವಾದರೆ ಅದನ್ನು 'ಮುಂದಾಲೋಚನೆಯಿಲ್ಲದ ತಾಯ್ತನ' ಎಂದು ವರ್ಗೀಕರಿಸಿದರು. ಗೋಪಾಲಸ್ವಾಮಿಯವರು ದಕ್ಷ ಅಧಿಕಾರಿ, ಕೆಟ್ಟ ಉದ್ದೇಶದವರಲ್ಲ. ಆದರೂ ಗಮನಿಸಿ: ಅಳತೆಯ ಏಕಮಾನದ ಹೆಸರಿನಲ್ಲಿಯೇ ದೂಷಣೆ ಸೇರಿಹೋಗಿದೆ. ನಾವು ಮೀಟರು, ಸೆಕೆಂಡುಗಳಲ್ಲಿ ಅಳೆಯುವವರು; ಏಕಮಾನ ಯಾರನ್ನೂ ಬೈಯುವುದಿಲ್ಲ ಎಂದು ನಂಬಿದವರು. ಹುಟ್ಟಿದ ಮಕ್ಕಳಲ್ಲಿ ಎಷ್ಟು ಉಳಿಯುತ್ತವೆ ಎಂಬ ಖಾತರಿಯೇ ಇಲ್ಲದ ಕಾಲದಲ್ಲಿ ನಾಲ್ಕನೆಯ ಮಗುವನ್ನು ಹೆತ್ತವಳು ಮುಂದಾಲೋಚನೆ ಮಾಡಿಯೇ ಹೆತ್ತಿರಬಹುದು ಎಂಬುದಕ್ಕೆ ಆ ಕೋಷ್ಟಕದಲ್ಲಿ ಸ್ಥಳವಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ದೂರ ಹೋಯಿತು. 1965ರ ಜೂನ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್, ಜನಸಂಖ್ಯಾ ನಿಯಂತ್ರಣಕ್ಕೆ ಹಾಕುವ 5 ಡಾಲರಿಗಿಂತ ಕಡಿಮೆ ಹಣ ಆರ್ಥಿಕ ಬೆಳವಣಿಗೆಗೆ ಹಾಕುವ 100 ಡಾಲರಿಗೆ ಸಮ ಎಂಬರ್ಥದ ಮಾತು ಹೇಳಿದರು. ಅದರ ಹಿಂದೆ ಇದ್ದುದು ಅರ್ಥಶಾಸ್ತ್ರಜ್ಞ ಸ್ಟೀಫನ್ ಎಂಕೆ ಮಾಡಿದ ಗಣನೆ. ತತ್ತ್ವ ಸರಳ. ಮುಂದೆ ಬರುವ ಹಣಕ್ಕೆ ಇಂದು ಕಡಿಮೆ ಬೆಲೆ. ಎಷ್ಟು ಕಡಿಮೆ ಎಂಬುದನ್ನು ನೀವು ಹಿಡಿಯುವ ಬಡ್ಡಿದರ ನಿರ್ಧರಿಸುತ್ತದೆ. ಇಪ್ಪತ್ತು ವರ್ಷಗಳ ನಂತರ ಒಬ್ಬ ದುಡಿದು ತರುವ 100 ರೂಪಾಯಿಗೆ ಶೇಕಡಾ 5ರ ದರದಲ್ಲಿ ಇಂದಿನ ಬೆಲೆ ಸುಮಾರು 38 ರೂಪಾಯಿ. ಶೇಕಡಾ 15 ಎಂದು ಹಿಡಿದರೆ ಕೇವಲ 6 ರೂಪಾಯಿ. ಮಗುವಿನ ಊಟ, ಬಟ್ಟೆ, ಶಾಲೆಯ ಖರ್ಚು ಮೊದಲೇ ಬರುತ್ತದೆ, ದುಡಿಮೆ ತಡವಾಗಿ ಬರುತ್ತದೆ. ಆದ್ದರಿಂದ ದರವನ್ನು ಸಾಕಷ್ಟು ಮೇಲಿಟ್ಟರೆ ಬಡ ದೇಶದ ಯಾವ ಮಗುವನ್ನಾದರೂ ನಷ್ಟದ ಬಾಬ್ತು ಎಂದು ಸಾಧಿಸಿಬಿಡಬಹುದು. ಪದವಿ ತರಗತಿಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ. ಗುಣಾಕಾರದಲ್ಲಿ ಎಲ್ಲಿಯೂ ತಪ್ಪಿಲ್ಲ. ಉತ್ತರವೆಲ್ಲ ಮೊದಲು ಹಿಡಿದ ಊಹೆಯೊಳಗೇ ಕೂತಿದೆ.

ಕಾನೆಲಿಯವರ ಬರವಣಿಗೆ ಅತ್ಯಂತ ಗಟ್ಟಿಯಾಗಿರುವುದು ಇಂತಹ ಲೆಕ್ಕಗಳು ಆಸ್ಪತ್ರೆಯ ಬಾಗಿಲಿಗೆ ಬಂದು ಮುಟ್ಟುವ ಭಾಗಗಳಲ್ಲಿ. 1965ರಲ್ಲಿ ಭಾರತದಲ್ಲಿ ಲಿಪ್ಪಿಸ್ ಲೂಪ್ ಎಂಬ ಗರ್ಭನಿರೋಧಕ ಸಾಧನವನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದರು. ನಮ್ಮಲ್ಲಿ ಜನ ಅದನ್ನು 'ವಂಕಿ' ಎಂದರು. ಸಾಧನವಾಗಿ ಅದು ಜಾಣತನದ್ದು: ಪಾಲಿಥಿಲೀನಿನ ಸುರುಳಿಯನ್ನು ನೆಟ್ಟಗೆ ಎಳೆದು ಸಣ್ಣ ನಳಿಕೆಯೊಳಗೆ ತೂರಿಸುತ್ತಾರೆ, ಗರ್ಭಕೋಶದೊಳಗೆ ಬಿಟ್ಟಾಗ ಅದು ಮೊದಲಿನ ಆಕಾರಕ್ಕೆ ಮರಳುತ್ತದೆ. ಎಕ್ಸ್-ಕಿರಣದಲ್ಲಿ ಕಾಣಲೆಂದು ಅದರಲ್ಲಿ ಬೇರಿಯಂ ಲವಣ ಬೆರೆಸಿರುತ್ತಾರೆ. ಕೆಲವು ಮಹಿಳೆಯರಿಗೆ ಅದರಿಂದ ರಕ್ತಸ್ರಾವ, ನೋವು ಹೆಚ್ಚುವುದು ವೈದ್ಯರಿಗೆ ತಿಳಿದದ್ದೇ. ಅಂಥವರನ್ನು ಮತ್ತೆ ನೋಡಿ, ಬೇಕಾದರೆ ಅದನ್ನು ತೆಗೆದು, ರಕ್ತಹೀನತೆಗೆ ಔಷಧ ಕೊಡುವ ಏರ್ಪಾಡು ಇದ್ದರೆ ವಂಕಿ ಉಪಯುಕ್ತ ವಸ್ತುವೇ. ಹಾಕಿದವರ ಸಂಖ್ಯೆಗೆ ಗುರಿ ಇತ್ತು. ಮತ್ತೆ ಬಂದು ತೋರಿಸಿಕೊಂಡವರ ಸಂಖ್ಯೆಗೆ ಗುರಿ ಇರಲಿಲ್ಲ. ಎರಡು ಮೂರು ವರ್ಷಗಳಲ್ಲಿ ವಂಕಿಯ ಹೆಸರು ಕೆಟ್ಟಿತು. ಮಹಿಳೆಯರು ಬರುವುದು ನಿಂತಾಗ ಅದನ್ನು ಅಜ್ಞಾನ, ಗಾಳಿಮಾತು ಎಂದವರೇ ಹೆಚ್ಚು.

1966ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಪ್ರತಿ ವಂಕಿಗೆ 11 ರೂಪಾಯಿ, ಪುರುಷರ ಶಸ್ತ್ರಚಿಕಿತ್ಸೆಗೆ 30, ಸ್ತ್ರೀಯರದಕ್ಕೆ 40 ರೂಪಾಯಿ ಎಂದು ಗೊತ್ತುಮಾಡಿತು. ಈ ಹಣದಲ್ಲಿ ಚಿಕಿತ್ಸೆಗೆ ಒಳಗಾದವರಿಗೆ, ಕರೆತಂದವರಿಗೆ, ವೈದ್ಯರಿಗೆ ಪಾಲು. 1966-67ರಲ್ಲಿ ದೇಶದಲ್ಲಿ ಸುಮಾರು 8.9 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದುವು, ಮರುವರ್ಷ 18.4 ಲಕ್ಷ. ಬಿಹಾರದ ಬರಗಾಲದ ವರ್ಷಗಳಿವು ಎಂಬುದನ್ನು ನೆನಪಿನಲ್ಲಿಡಬೇಕು. ಮನೆಯಲ್ಲಿ ಕಾಳಿಲ್ಲದವನ ಕೈಗೆ ಬರುವ ಹಣವನ್ನು 'ಪ್ರೋತ್ಸಾಹಧನ' ಎನ್ನಬಹುದೆ? ಕಾನೆಲಿ ಈ ಪ್ರಶ್ನೆಯನ್ನು ಬಿಡದೆ ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ.

ತುರ್ತುಪರಿಸ್ಥಿತಿಯ ಕಾಲದ ವಿವರಗಳು ಹಲವರಿಗೆ ಗೊತ್ತಿರುವಂಥವು. 1974ರ ಬುಖಾರೆಸ್ಟ್ ಸಮ್ಮೇಳನದಲ್ಲಿ ಅಭಿವೃದ್ಧಿಯೇ ಒಳ್ಳೆಯ ಗರ್ಭನಿರೋಧಕ ಎಂದಿದ್ದ ಸಚಿವ ಕರಣ್ ಸಿಂಗ್ ಅವರೇ 1976ರ ಏಪ್ರಿಲ್‌ನಲ್ಲಿ, ಅಭಿವೃದ್ಧಿಗಾಗಿ ಕಾಯಲಾಗದು ಎಂಬ ನೀತಿಯನ್ನು ಮಂಡಿಸಿದರು. 1975-76ರಲ್ಲಿ ಸುಮಾರು 27 ಲಕ್ಷವಿದ್ದ ಶಸ್ತ್ರಚಿಕಿತ್ಸೆಗಳು 1976-77ರಲ್ಲಿ ಸುಮಾರು 82.6 ಲಕ್ಷಕ್ಕೇರಿದುವು. ಮುಕ್ಕಾಲು ಪಾಲು ಪುರುಷರದು. ನಂತರ ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗದ ಮುಂದೆ ಬಂದ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ 1,700ಕ್ಕೂ ಹೆಚ್ಚು ಸಾವುಗಳು, ಮದುವೆಯೇ ಆಗದ 500ಕ್ಕೂ ಹೆಚ್ಚು ಜನರ ದೂರುಗಳು ಇದ್ದುವು. ನಮ್ಮ ಓದುಗರಲ್ಲಿ ಬಹುಮಂದಿ ಅಧ್ಯಾಪಕರು. ಅವರು ಗಮನಿಸಬೇಕಾದದ್ದು ಬೇರೆ. ಉತ್ತರದ ಕೆಲವು ರಾಜ್ಯಗಳಲ್ಲಿ ಶಾಲಾ ಶಿಕ್ಷಕರಿಗೆ ಇಷ್ಟು 'ಕೇಸು' ತರಬೇಕೆಂದು ಗುರಿ ಕೊಟ್ಟು, ತರದಿದ್ದರೆ ಸಂಬಳ ತಡೆಹಿಡಿಯುತ್ತಿದ್ದರು. ನಮ್ಮ ಬಂಧುಗಳಲ್ಲಿ ಹಿರಿಯರೊಬ್ಬರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಅಷ್ಟು ಕಠಿಣ ಕ್ರಮ ಕಾಣದ ನಮ್ಮ ಕಡೆಯಲ್ಲೂ ಮೇಲಧಿಕಾರಿಗಳು 'ಎಷ್ಟು ಕೇಸು ಕೊಟ್ಟಿರಿ ಮೇಷ್ಟ್ರೇ?' ಎಂದು ವಿಚಾರಿಸುತ್ತಿದ್ದುದನ್ನು ಅವರು ಹೇಳುತ್ತಿದ್ದರು. ಅಕ್ಷರ ಕಲಿಸಿದ ಮಕ್ಕಳ ಅಪ್ಪಂದಿರನ್ನೇ ಕೇಸು ಎಂದು ಎಣಿಸಬೇಕಾಗಿ ಬಂದದ್ದು ಅವರಿಗೆ ಕೊನೆಯವರೆಗೂ ಮುಜುಗರದ ಸಂಗತಿ.

ಗುರಿಯ ವಿಷಯದಲ್ಲಿ ಒಂದು ಮಾತು. ಉಷ್ಣಮಾಪಕ ಜ್ವರವನ್ನು ತೋರಿಸುತ್ತದೆ. ಪಾದರಸ ಇಂತಿಷ್ಟು ಇಳಿದಿರಲೇಬೇಕು, ಇಲ್ಲವಾದರೆ ಸಂಬಳವಿಲ್ಲ ಎಂದು ದಾದಿಗೆ ಹೇಳಿದರೆ ಆಕೆ ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದುತ್ತಾಳೆ. ವಯಸ್ಸಾದವರು, ಮಕ್ಕಳಾಗುವ ಕಾಲ ದಾಟಿದವರು, ಅವಿವಾಹಿತರು ಪಟ್ಟಿಯಲ್ಲಿ ಸೇರಿಕೊಂಡದ್ದು ಹೀಗೆ. 82.6 ಲಕ್ಷ ಎಂಬ ಸಂಖ್ಯೆ ಎಷ್ಟು ಜನನಗಳನ್ನು ತಡೆಯಿತು ಎಂಬುದು ಆ ಸಂಖ್ಯೆಯಿಂದ ತಿಳಿಯುವುದೇ ಇಲ್ಲ. ಇಷ್ಟಾದರೂ 1983ರಲ್ಲಿ ವಿಶ್ವಸಂಸ್ಥೆಯ ಮೊತ್ತಮೊದಲ ಜನಸಂಖ್ಯಾ ಪ್ರಶಸ್ತಿ ಸಂದದ್ದು ಇಂದಿರಾ ಗಾಂಧಿ ಮತ್ತು ಚೀನಾದ ಸಚಿವ ಚಿಯನ್ ಶಿನ್‌ಝೋಂಗ್ ಅವರಿಗೆ.

ಚೀನಾದ ಮಾತು ಬಂದದ್ದರಿಂದ ನಮ್ಮ ಕ್ಷೇತ್ರಕ್ಕೆ ತೀರಾ ಹತ್ತಿರದ ಒಂದು ಪ್ರಸಂಗ. ಇದರ ಪೂರ್ಣ ವಿವರಕ್ಕೆ ಮಾನವಶಾಸ್ತ್ರಜ್ಞೆ ಸೂಸನ್ ಗ್ರೀನ್‌ಹಾಲ್ಜ್ ಅವರ 'ಜಸ್ಟ್ ಒನ್ ಚೈಲ್ಡ್' ಓದಬೇಕು. ಅದೂ 2008ರ ಪುಸ್ತಕವೇ. ಸೋಂಗ್ ಜಿಯಾನ್ ಎಂಬಾತ ಕ್ಷಿಪಣಿ ವಿಜ್ಞಾನಿ, ನಿಯಂತ್ರಣ ಸಿದ್ಧಾಂತದಲ್ಲಿ ಪಳಗಿದವನು. 1978ರಲ್ಲಿ ಯೂರೋಪಿಗೆ ಹೋದಾಗ ಜನಸಂಖ್ಯೆಗೆ ಅದೇ ಗಣಿತವನ್ನು ಅನ್ವಯಿಸುವ ಕೆಲಸ ಅವನ ಕಣ್ಣಿಗೆ ಬಿತ್ತು. ಕ್ಷಿಪಣಿಯ ಪಥವನ್ನು ತಿದ್ದುವ ಸಮೀಕರಣದಲ್ಲಿ ಒಂದು ನಿಯಂತ್ರಕ ಚರ ಇರುತ್ತದೆ. ಅದರ ಜಾಗದಲ್ಲಿ ಒಬ್ಬ ಮಹಿಳೆಗೆ ಆಗುವ ಮಕ್ಕಳ ಸಂಖ್ಯೆಯನ್ನಿಟ್ಟು, ಗಣಕಯಂತ್ರದಲ್ಲಿ ನೂರು ವರ್ಷ ಮುಂದಕ್ಕೆ ಲೆಕ್ಕ ಹಾಕಿದ. ಚೀನಾಕ್ಕೆ ಸೂಕ್ತವಾದ ಜನಸಂಖ್ಯೆ 65ರಿಂದ 70 ಕೋಟಿ ಎಂಬ ಉತ್ತರವೂ ಬಂತು. 1980ರ ಒಂದು ಮಗುವಿನ ನೀತಿಗೆ ವಿಜ್ಞಾನದ ಮುದ್ರೆ ಒತ್ತಿದ್ದು ಈ ಲೆಕ್ಕ. 2015ರಲ್ಲಿ ಆ ನೀತಿಯನ್ನು ಕೈಬಿಟ್ಟರು. ಕ್ಷಿಪಣಿಗೆ ತನ್ನ ಪಥದ ಬಗ್ಗೆ ಅಭಿಪ್ರಾಯವಿಲ್ಲ ಎಂಬ ವ್ಯತ್ಯಾಸ ಆ ವಿಜ್ಞಾನಿಗೆ ತಿಳಿಯದೆ ಇರಲಿಲ್ಲ. ಮಾದರಿಗೆ ಅದು ಬೇಕಿರಲಿಲ್ಲ, ಅಷ್ಟೆ.

ಇಷ್ಟನ್ನು ಓದಿ ಯಾರಾದರೂ ಗರ್ಭನಿರೋಧವೇ ತಪ್ಪು ಎಂಬ ತೀರ್ಮಾನಕ್ಕೆ ಬಂದರೆ ಅದು ಕಾನೆಲಿಯವರ ತೀರ್ಮಾನವಲ್ಲ. ಹೆರಬೇಡ ಎಂಬ ಬಲವಂತವೂ ಹೆರಲೇಬೇಕು ಎಂಬ ಬಲವಂತವೂ ಒಂದೇ ಎಂಬುದು ಅವರ ನಿಲುವು. ಎರಡನೆಯದಕ್ಕೆ ರುಮೇನಿಯಾವನ್ನು ನೋಡಬಹುದು. ಅಲ್ಲಿ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದರು. ಸಾವಿರಕ್ಕೆ 14.3 ಇದ್ದ ಜನನ ಪ್ರಮಾಣ 1967ರಲ್ಲಿ 27.4ಕ್ಕೆ ನೆಗೆಯಿತು, ಕೆಲವೇ ವರ್ಷಗಳಲ್ಲಿ ಮತ್ತೆ ಇಳಿಯತೊಡಗಿತು. ಜನ ಕದ್ದು ದಾರಿ ಕಂಡುಕೊಂಡಿದ್ದರು. ಆ ದಾರಿಯಲ್ಲಿ ತಾಯಂದಿರ ಮರಣ ಏರಿತು, 1989ರಲ್ಲಿ ನಿಷೇಧ ರದ್ದಾಗುವವರೆಗೂ ಅದೇ ಸ್ಥಿತಿ.

ಈಗ ನನ್ನ ಆಕ್ಷೇಪ. ಈ ಎಲ್ಲ ಕಾರ್ಯಕ್ರಮಗಳಿಂದ ಜನನ ಪ್ರಮಾಣ ಇಳಿದದ್ದು ಅತ್ಯಲ್ಪ, ಇಳಿಸಿದ್ದು ಮಹಿಳೆಯರ ಶಿಕ್ಷಣ, ಸ್ವಾತಂತ್ರ್ಯ, ಕಡಿಮೆ ಮಕ್ಕಳು ಸಾಕೆಂಬ ಅವರದೇ ಇಚ್ಛೆ ಎಂದು ಕಾನೆಲಿ ವಾದಿಸುತ್ತಾರೆ. ಇಚ್ಛೆಯೇ ಮುಖ್ಯ ಎಂಬುದನ್ನು ಒಪ್ಪುತ್ತೇನೆ. ಆದರೆ ಇಚ್ಛೆಯಿದ್ದವರಿಗೆ ಸಾಧನ ಸಿಕ್ಕರೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಬೇಕಾದರೆ ಹೋಲಿಕೆಗೆ ಇನ್ನೊಂದು ಗುಂಪು ಬೇಕು. ಪಂಜಾಬಿನ ಖನ್ನಾದಲ್ಲಿ 1950ರ ದಶಕದಲ್ಲಿ ಹಾರ್ವರ್ಡ್‌ನವರು ನಡೆಸಿದ ಅಧ್ಯಯನದಲ್ಲಿ ಅಂಥ ಹೋಲಿಕೆಯ ಹಳ್ಳಿಗಳಿದ್ದುವು. ಮಾತ್ರೆ ಹಂಚಿದ ಹಳ್ಳಿಗಳಿಗೂ ಹಂಚದ ಹಳ್ಳಿಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇಕೆಂದು ಮಹಮೂದ್ ಮಮ್ದಾನಿ 1972ರಲ್ಲಿ ಬರೆದು ಹೆಸರಾದರು: ಹೊಲದಲ್ಲಿ ದುಡಿಯುವ ಕೈಗಳು ಬೇಕಾಗಿದ್ದ ಕುಟುಂಬಕ್ಕೆ ಮಕ್ಕಳೇ ಆಸ್ತಿ. ಕಾನೆಲಿಗೆ ಇದು ಅನುಕೂಲದ ಸಾಕ್ಷಿ. ಆದರೆ ಬಾಂಗ್ಲಾದೇಶದ ಮತ್ಲಾಬ್‌ನಲ್ಲಿ 1977ರಿಂದ ನಡೆದದ್ದು ಇದಕ್ಕೆ ವಿರುದ್ಧ. ಅಲ್ಲಿ ಅರ್ಧ ಹಳ್ಳಿಗಳಲ್ಲಿ ಸ್ಥಳೀಯ ಮಹಿಳಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹಲವು ಬಗೆಯ ಸಾಧನಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಲು ಬಿಟ್ಟರು, ತೊಂದರೆಯಾದವರನ್ನು ಮತ್ತೆ ಮತ್ತೆ ನೋಡಿದರು. ಪಕ್ಕದ ಹಳ್ಳಿಗಳಿಗಿಂತ ಅಲ್ಲಿ ಜನನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಾಯಿತು, ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಬಡತನವಾಗಲಿ ಅನಕ್ಷರತೆಯಾಗಲಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬಲವಂತವಿಲ್ಲದೆ ಕೊಟ್ಟ ವೈದ್ಯಕೀಯ ಸೇವೆಗೆ ಫಲವಿದೆ ಎಂದಾಯಿತು. ಬಲವಂತ ಅನ್ಯಾಯ ಎನ್ನಲು ಅದು ನಿಷ್ಫಲವೂ ಆಗಿತ್ತು ಎಂದು ತೋರಿಸಬೇಕಾಗಿಲ್ಲ. ಫಲ ಕೊಟ್ಟಿದ್ದರೂ ಅದು ಅನ್ಯಾಯವೇ. ಈ ಎರಡನ್ನು ಬೆಸೆದದ್ದರಿಂದ ಅವರ ವಾದ ಅನಗತ್ಯವಾಗಿ ದುರ್ಬಲವಾಗಿದೆ.

ಎರಡನೆಯ ಕೊರತೆ ದೃಷ್ಟಿಕೋನದ್ದು. ನ್ಯೂಯಾರ್ಕ್, ಜಿನೀವಾ, ದೆಹಲಿಗಳ ಕಡತಗಳಲ್ಲಿ ನಡೆಯುವ ಈ ಕಥೆಯಲ್ಲಿ ಚಿಕಿತ್ಸೆಗೆ ಒಳಗಾದವರ ಮಾತು ಕ್ಷೀಣ. ಗರ್ಭನಿರೋಧವನ್ನು ತಾವಾಗಿ ಬಯಸಿದವರು ವಿದೇಶಿ ಹಣಕ್ಕಿಂತ ಮೊದಲೇ ನಮ್ಮಲ್ಲಿದ್ದರು. ಮುಂಬಯಿಯಲ್ಲಿ 1921ರಲ್ಲೇ ಕೇಂದ್ರ ತೆರೆದ ರಘುನಾಥ ಧೋಂಡೋ ಕರ್ವೆ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಈ ಕೆಲಸಕ್ಕಾಗಿ ಅವರು ನೌಕರಿಯನ್ನೇ ಕಳೆದುಕೊಳ್ಳಬೇಕಾಯಿತು. ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ಮಂಜೂರು ಮಾಡಿತು, ಪ್ರಪಂಚದಲ್ಲೇ ಮೊದಲ ಸರ್ಕಾರಿ ಕೇಂದ್ರಗಳೆಂದು ಅವಕ್ಕೆ ಹೆಸರು. ಮದರಾಸು ಪ್ರಾಂತದ 1920-40ರ ಅವಧಿಯ ಬಗ್ಗೆ ಸಾರಾ ಹಾಜಸ್ ಬರೆದ ಪುಸ್ತಕವನ್ನು ಕಾನೆಲಿಯವರದರ ಜೊತೆಗಿಟ್ಟು ಓದಿದರೆ ಈ ಕೊರತೆ ಸ್ವಲ್ಪ ತುಂಬುತ್ತದೆ.

2008ರ ನಂತರದ ಸಂಗತಿಗಳು ಪುಸ್ತಕದ ಮುಖ್ಯ ವಾದವನ್ನು ಬಲಪಡಿಸಿವೆ. ಲಿಖಿತ ನೀತಿಯಲ್ಲಿ ಗುರಿಗಳನ್ನು 1996ರಲ್ಲೇ ಕೈಬಿಟ್ಟಿದ್ದರೂ 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಆ ಜಿಲ್ಲೆಯ ಶಿಬಿರಗಳ ನಂತರ ಹತ್ತಕ್ಕೂ ಹೆಚ್ಚು ಮಹಿಳೆಯರು ತೀರಿಕೊಂಡರು. ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಹೇಳಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ವಿವಾಹಿತ ಮಹಿಳೆಯರಲ್ಲಿ ಸುಮಾರು ಶೇಕಡಾ 38 ಮಂದಿ ಸ್ವತಃ ಶಸ್ತ್ರಚಿಕಿತ್ಸೆಗೆ ಒಳಗಾದವರು. ಗಂಡ ಒಳಗಾದದ್ದು ಶೇಕಡಾ 0.3. ಕರ್ನಾಟಕದಲ್ಲಿ ಮೊದಲ ಸಂಖ್ಯೆ ಅರ್ಧವನ್ನೂ ಮೀರಿದೆ. ಪುರುಷರದು ಸುಲಭದ, ಕಡಿಮೆ ಅಪಾಯದ ಶಸ್ತ್ರಚಿಕಿತ್ಸೆ ಎಂದು ಜೀವವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ಹೇಳುತ್ತಾರೆ. 1976ರ ನೆನಪು ಅದನ್ನು ಮಾತಾಗಿಯೇ ಉಳಿಸಿದೆ. ಅದೇ ಸಮೀಕ್ಷೆಯಲ್ಲಿ ಒಟ್ಟು ಫಲವತ್ತತೆ ದರ ದೇಶಕ್ಕೆ 2.0, ಕರ್ನಾಟಕಕ್ಕೆ 1.7. ಆಂಧ್ರಪ್ರದೇಶ 2024ರಲ್ಲಿ ಸ್ಥಳೀಯ ಚುನಾವಣೆಗಳಿಗಿದ್ದ ಎರಡು ಮಕ್ಕಳ ಮಿತಿಯನ್ನು ತೆಗೆದುಹಾಕಿತು. ಅದೇ ವರ್ಷ ಅಲ್ಲಿನ ಮುಖ್ಯಮಂತ್ರಿ ಹೆಚ್ಚು ಮಕ್ಕಳನ್ನು ಹೆರಿರಿ ಎಂದರು. ಚಿಹ್ನೆ ಬದಲಾಗಿದೆ, ಸಮೀಕರಣ ಹಳೆಯದೇ.

ಕೊನೆಗೆ ಮತ್ತೆ ನಮ್ಮ ನೆಲಕ್ಕೆ. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಬ್ರಹಾಂ ಸ್ಟೋನ್ ಎಂಬ ವೈದ್ಯರ ಸಲಹೆಯಂತೆ 'ಸುರಕ್ಷಿತ ಅವಧಿ' ವಿಧಾನದ ಪ್ರಯೋಗ ನಡೆದ ಎರಡು ಸ್ಥಳಗಳಲ್ಲಿ ಒಂದು ಬೆಂಗಳೂರಿನ ಹತ್ತಿರದ ರಾಮನಗರ. ಮಹಿಳೆಯರಿಗೆ ಬಣ್ಣದ ಮಣಿಗಳ ಸರ ಕೊಟ್ಟು ದಿನಕ್ಕೊಂದು ಮಣಿ ಸರಿಸಲು ಹೇಳಿದರು. ಅಂಡೋತ್ಸರ್ಗ ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಆಗುತ್ತದೆ, ಅಂದರೆ ಇನ್ನೂ ನಡೆಯದ ಘಟನೆಯಿಂದ ಹಿಂದಕ್ಕೆ ಎಣಿಸಬೇಕು. ಆವರ್ತ ಕಾಲ ತಿಂಗಳಿಂದ ತಿಂಗಳಿಗೆ ಬದಲಾಗುವಾಗ ಮಣಿಗಳ ಸಂಖ್ಯೆ ಮಾತ್ರ ಸ್ಥಿರ. ಲೋಲಕದ ಪ್ರಯೋಗ ಮಾಡಿದ ಯಾವ ವಿದ್ಯಾರ್ಥಿಗೂ ಇಲ್ಲಿನ ತೊಡಕು ಹೊಳೆಯುತ್ತದೆ. ಪ್ರಯೋಗ ಹೆಚ್ಚು ಫಲ ಕೊಡಲಿಲ್ಲ. ಆದರೆ ಆ ಸರವನ್ನು ಮನೆಯಲ್ಲಿ ಎಲ್ಲಿ ಇಟ್ಟುಕೊಳ್ಳುತ್ತಿದ್ದರು, ಅತ್ತೆಗೆ ಏನೆಂದು ಹೇಳುತ್ತಿದ್ದರು, ಎಷ್ಟು ಮಕ್ಕಳು ಸಾಕೆಂದು ಅವರಿಗೇ ಅನ್ನಿಸಿತ್ತು? ಆಗ ಇಪ್ಪತ್ತರ ಹರೆಯದಲ್ಲಿದ್ದವರು ಇಂದು ತೊಂಬತ್ತು ದಾಟಿರುತ್ತಾರೆ. ರಾಮನಗರದ ಸುತ್ತಮುತ್ತ ಕೆಲಸ ಮಾಡುವ ಶಿಕ್ಷಕರಲ್ಲಿ ಯಾರಾದರೂ ಅಂಥ ಅಜ್ಜಿಯೊಬ್ಬರನ್ನು ಕಂಡು, ಅವರು ಒಪ್ಪಿದರೆ, ಹೇಳಿದ್ದನ್ನು ಬರೆದಿಟ್ಟುಕೊಳ್ಳಲು ಈಗಲೂ ಸಮಯವಿದೆ.